ಕುಂಟೆತ್ತಿಗೊಂದು ಪಟ್ಟಿ

"ಆ ಮನ್ಯಾಗ ಯಾರೂ ಇರಂಗಿಲ್ರೀ" ಎಂದು ಹೊರಗೆ ಒಬ್ಬ ಹುಡುಗಿ ಹೇಳುತ್ತಿದ್ದಾಗ ಅನುಪಮಾ ಅದೇ ಮನೆಯಲ್ಲಿ, ಅದೇ ಕಿಟಕಿಯ ಪಕ್ಕದ ಮಂಚದಲ್ಲಿ, ಮೊಣಕಾಲು ಮಡಚಿಕೊಂಡು ಮಲಗಿದ್ದಳು. ಕೇಳಿದವನು ಕೊರಿಯರ್‌ನವನು. "ಅನುಪಮಾ ಅಂಬಪ್ಪ ಅಂತ ಹೆಸರೈತಲ್ಲ ಬೇ, ಮಸ್ಕಿ, ಗುಡ್ಡದ ಓಣಿ, ಇದ ಮನಿ ನಂಬರು" ಎಂದು ಅವನು ಇನ್ನೊಮ್ಮೆ ಕೇಳಿದ. "ಒಬ್ಬಾಕಿ ಅದಾಳ್ರೀ" ಎಂದಿತು ಇನ್ನೊಂದು ದನಿ, ಮುಂದಿನ ಹಲ್ಲು ಬಿದ್ದ ಹುಡುಗನದು, "ಆದ್ರ ಹಗಲೊತ್ತು ಸತ್ತಿರ್ತಾಳ. ಸಂಜಿಕ ಎದ್ದು ಬಸ್ಸಿಗೆ ಹೋಗ್ತಾಳ." ಅನುಪಮಾಗೆ ನಗು ಬಂತು. ಎದ್ದು ಬಾಗಿಲು ತೆಗೆದು ನಾನು ಇಲ್ಲೇ ಇದ್ದೇನಪ್ಪ, ಕೊಡು ಎಂದಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ಅವಳು, ಮಗ್ಗುಲು ಬದಲಿಸಿದರೆ ಮಂಚ ಕಿರುಗುಟ್ಟೀತೆಂದು ಉಸಿರು ಬಿಗಿಹಿಡಿದು ಹುಡುಗ ಹೇಳಿದ ಹಾಗೆಯೇ ಸತ್ತವಳಂತೆ ಬಿದ್ದುಕೊಂಡಳು. ಕೊರಿಯರ್‌ನವನು ಪಕ್ಕದ ಮನೆಯ ಮೈಮುನಾಬಿಯ ಹತ್ತಿರ ಪೊಟ್ಟಣ ಕೊಟ್ಟು ಹೋದ. ಗಾಡಿಯ ಸದ್ದು ಓಣಿ ದಾಟಿದ ಮೇಲೆ ಅವಳು ಉಸಿರು ಬಿಟ್ಟಳು.

ಏನಾಗಿದೆ ನನಗೆ ಎಂದು ತನ್ನನ್ನೇ ಕೇಳಿಕೊಂಡಳು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಗುರುತು ಪರಿಚಯವಿಲ್ಲದವರ ಮೈ ಒರೆಸುತ್ತಾಳೆ, ಹೆದರಿದವರಿಗೆ ಗದರುತ್ತಾಳೆ, ಚೇಳು ಕಡಿಸಿಕೊಂಡು ಬಂದ ಗಂಡಸು ಅವ್ವಾ ಎಂದು ಅತ್ತರೆ ಅವನ ತಲೆ ಹಿಡಿದುಕೊಳ್ಳುತ್ತಾಳೆ. ಅಂಥವಳಿಗೆ ಒಂದು ಚಿಲಕ ತೆಗೆಯಲಾಗಲಿಲ್ಲ. ರಾತ್ರಿಪಾಳಿಯನ್ನು ಅವಳೇ ಕೇಳಿ ತೆಗೆದುಕೊಂಡದ್ದು. ರಾತ್ರಿ ಮಾತು ಕಡಿಮೆ, ಹಗಲು ನಿದ್ದೆ. ನಡುವೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ ಎಂಬ ಲೆಕ್ಕ. ಬೆಳಕು ಬರದಂತೆ ಕಿಟಕಿಗೆ ಕರಿ ಚಾದರ ಕಟ್ಟಿದ್ದಳು. ಓಣಿಯ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಇವತ್ತಿನವರೆಗೆ ಯೋಚಿಸಿರಲಿಲ್ಲ. ಯೋಚಿಸಿದ್ದು ಬೇರೆ. ಯುಗಾದಿ ಆದ ಮೇಲೆ ಮನೆ ಕೇಳಲು ಬಂದಾಗ ಮಾಲಕ ಬಸವಲಿಂಗ "ನಿಮ್ಮ ಪೈಕಿ ಯಾರರೆ ಅದಾರೇನು ಈ ಊರಾಗ?" ಎಂದು ಸುತ್ತಿ ಬಳಸಿ ಕೇಳಿದ್ದ. ಅವಳು ಸುತ್ತದೆ ಬಳಸದೆ "ನಾವು ಬೌದ್ಧರು" ಎಂದಿದ್ದಳು. ಬಸವಲಿಂಗ ತಲೆ ಕೆರೆದುಕೊಂಡು, ಗುಡ್ಡದ ಕಡೆ ನೋಡಿ, ತುಸು ತಡೆದು, "ನೀರು ದಿನಾ ಬಿಟ್ಟು ದಿನಾ ಬರ್ತಾವ, ತುಂಬಿ ಇಟ್ಕೋಬೇಕು" ಎಂದು ಕೀಲಿ ಕೊಟ್ಟಿದ್ದ. ಆ ತುಸು ತಡೆದದ್ದರ ಒಳಗೆ ಏನಿತ್ತು ಎಂಬುದು ಅವಳಿಗೆ ಇನ್ನೂ ಬಗೆಹರಿದಿಲ್ಲ. ಏನೂ ಇಲ್ಲದೆಯೂ ಇರಬಹುದು. ಮನುಷ್ಯರಿಗೆ ತಲೆ ಕೆರೆತ ಬರುವುದುಂಟು. ಆದರೆ ಏನೂ ಇಲ್ಲ ಎಂದುಕೊಂಡು ನಿಶ್ಚಿಂತೆಯಿಂದಿರುವ ಸೌಕರ್ಯ ಅವಳ ಮನೆತನದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಹಾಗಾಗಿ ಓಣಿಯವರು ಮಾತಾಡಿಸುವ ಮೊದಲೇ ಅವಳು ಬಾಗಿಲು ಹಾಕಿಕೊಂಡಿದ್ದಳು.

ಕಣ್ಣು ಮುಚ್ಚಿದರೂ ನಿದ್ದೆ ಹತ್ತಲಿಲ್ಲ. ಓಣಿಯ ಆ ತುದಿಯಲ್ಲಿ ಮಕ್ಕಳು ಗುಂಪಾಗಿ ಏನೋ ಕೂಗುತ್ತಿದ್ದವು. ಕೂಗು ನಿಲ್ಲುತ್ತಿತ್ತು, ಒಂದು ಬಾಗಿಲ ಸದ್ದು, ನಗು, ಮತ್ತೆ ಇನ್ನೊಂದು ಮನೆಯ ಮುಂದೆ ಅದೇ ಕೂಗು. "ಕುಂಟೆತ್ತು ಬಂದೈತ್ರೀ, ಜ್ವಾಳ ನೀಡ್ರಿ." ಅವಳು ತಟ್ಟನೆ ಎದ್ದು ಕೂತಳು. ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಜೋಡಿ ಮಣ್ಣಿನ ಎತ್ತು ಇಣುಕುತ್ತಿದ್ದುದನ್ನು ನೋಡಿಯೂ ಅವಳಿಗೆ ಹೊಳೆದಿರಲಿಲ್ಲ. ನಿನ್ನೆ ಎತ್ತುಗಳಿಗೆ ಪೂಜೆ. ಇವತ್ತು ಹುಡುಗರು ಒಂದು ಎತ್ತಿನ ಕಾಲು ಮುರಿದು, ಹಲಗೆಯ ಮೇಲೆ ಇಟ್ಟುಕೊಂಡು, ಪಾಪ ಕುಂಟ ಎತ್ತು, ದುಡಿಯಲಾರದು, ಹೊಟ್ಟೆಗೆ ಹಾಕಿ ಎಂದು ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ. ಬಂದ ಕಾಳು ಅಂಗಡಿಗೆ ಹಾಕಿ ಬೇಕಾದ್ದು ತಂದು, ಊರ ಹೊರಗೆ ಮೂರು ಕಲ್ಲು ಹೂಡಿ ತಾವೇ ಅಡುಗೆ ಮಾಡಿ ಉಣ್ಣುತ್ತಾರೆ. ಅವಳು ಹುಟ್ಟಿ ಬೆಳೆದ ಸಂತೆಕಲ್ಲೂರಿನಲ್ಲಿ ಹಲಗೆ ಹೊರುವ ಹಕ್ಕು ಗೆಳತಿ ಪಂಪಾವತಿಯದು, ಕಾಳಿನ ಚೀಲ ಹಿಡಿಯುವುದು ಅನುಪಮಾಳದು. ಅಪ್ಪ ಅಂಬಪ್ಪ ಅಂಚೆ ಹಂಚುವವನು. ಮನೆಯೊಳಗೆ ಬುದ್ಧನ ಫೋಟೊ ಬಿಟ್ಟು ಇನ್ನಾವುದಕ್ಕೂ ಕೈಮುಗಿಯುವಂತಿರಲಿಲ್ಲ, ಮಣ್ಣೆತ್ತಿಗಂತೂ ಇಲ್ಲವೇ ಇಲ್ಲ. ಆದರೆ ಕುಂಟೆತ್ತಿನ ಪ್ರಶ್ನೆ ಬಂದಾಗ ಅವನು ಸೈಕಲ್ಲಿನ ಸೀಟು ತಟ್ಟುತ್ತ ಯೋಚಿಸಿ, "ಅದು ಪೂಜೆ ಅಲ್ಲ ಬಿಡು, ಆಟ. ಹೋಗಿ ಬಾ" ಎಂದು ತೀರ್ಪು ಕೊಟ್ಟಿದ್ದ. ಆ ತೀರ್ಪಿನ ಸಂತೋಷಕ್ಕೆ ಅವಳು ಓಣಿಯ ತುದಿಯವರೆಗೆ ಓಡಿದ್ದಳು.

ತುದಿಯಲ್ಲಿ ಸೂಗಪ್ಪನ ಮನೆ. ಇವರ ಓಣಿ ಮುಗಿದು ದೊಡ್ಡ ಓಣಿ ಶುರುವಾಗುವ ಕಡೆ, ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತಿದ್ದ ಕಲ್ಲಿನ ಮನೆ. ಸೂಗಪ್ಪ ಮೂಡಲು ಹರಿಯುವ ಮೊದಲೇ ಹೊಲಕ್ಕೆ ಹೋಗಿ, ಕತ್ತಲಾದ ಮೇಲೆ ಬರುವವನು. ಮನೆಯಲ್ಲಿದ್ದ ದಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅವನ ದನಿ ಕೇಳಿದವರು ಹುಡುಗರಲ್ಲಿ ಯಾರೂ ಇರಲಿಲ್ಲ. ಅಷ್ಟು ಸಾಕಾಗಿತ್ತು. ಅವನು ಅಟ್ಟದ ಮೇಲೆ ಹಾವು ಸಾಕಿದ್ದಾನೆ, ಮಾತಾಡಿದರೆ ಅವು ಎಚ್ಚರವಾಗುತ್ತವೆಂದು ಸುಮ್ಮನಿರುತ್ತಾನೆ ಎಂದು ಪಂಪಾವತಿ ಕಂಡುಹಿಡಿದಿದ್ದಳು. ಅನುಪಮಾಗೆ ಹೆದರಿಕೆಗಿಂತ ಹಂಬಲ ಹೆಚ್ಚು. ಶಾಲೆಗೆ ಹೋಗುತ್ತ ಬರುತ್ತ ಆ ಬಾಗಿಲಿನ ಸೀಳಿನಲ್ಲಿ ಒಂದು ಕಣ್ಣಾದರೂ ಕಂಡೀತೇ ಎಂದು ನಡಿಗೆ ನಿಧಾನ ಮಾಡುವಳು. ಒಮ್ಮೆ ಬೇವಿನ ಮರ ಹತ್ತಿ ಅವನ ಅಂಗಳದೊಳಗೆ ನೋಡಿದಾಗ ಕಂಡದ್ದು ಒಣಹಾಕಿದ ಒಂದು ಧೋತರ, ಒಂದು ಅಂಗಿ, ಸಾಲಾಗಿ ಬಿಡಿಸಿಟ್ಟ ಉಳ್ಳಾಗಡ್ಡಿ. ಇಷ್ಟೇನಾ ಎಂದು ಅವಳಿಗೆ ಆದ ನಿರಾಶೆ, ಮರದಿಂದ ಇಳಿಯುವಾಗ ತರಚಿದ ಮೊಣಕಾಲಿಗಿಂತ ಹೆಚ್ಚು ಉರಿದಿತ್ತು.

ಕುಂಟೆತ್ತಿನ ದಿನ ಆ ಮನೆಯ ಹೊಸ್ತಿಲಾಚೆ, ಕಟ್ಟೆಯ ಮೇಲೆ, ಒಂದು ಮೊರ ಇರುತ್ತಿತ್ತು. ಮೊರದ ತುಂಬ ಜೋಳ. ಮೇಲೆ ಒಂದು ಹಿಡಿ ಕೆಂಪು ಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ, ಎಲೆಯ ತುಂಡಿನಲ್ಲಿ ಉಪ್ಪು. "ಮುಟ್ಟಬ್ಯಾಡ್ರಿ ಲೇ" ಎಂದು ಪಂಪಾವತಿ ಹಲಗೆ ಎತ್ತಿ ಹಿಡಿದು ಹಿಂದೆ ಸರಿದಿದ್ದಳು, "ನೆದರ ತಗದು ಇಟ್ಟಾನ. ದಾಟಿದ್ರ ನಮಗ ಬಡಿತೈತಿ." ಅದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲಿ ಕೂಸು ರಚ್ಚೆ ಹಿಡಿದರೆ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದಾರಿಗೆ ಹಾಕುವುದನ್ನು ನೋಡದವರು ಯಾರಿದ್ದರು? ಹುಡುಗರೆಲ್ಲ ಮೊರವನ್ನು ಬಳಸಿ, ಗೋಡೆಗೆ ಮೈ ಹತ್ತಿಸಿಕೊಂಡು, ಆ ಮನೆ ದಾಟಿ ಓಡಿದ್ದರು. ಮರುವರ್ಷವೂ ಮೊರ, ಅದರ ಮರುವರ್ಷವೂ ಮೊರ. ಸಂಜೆಗೆ ಓಣಿಯ ಕೋಳಿಗಳು ಬಂದು ಕಾಳು ತಿಂದು ಹಾಕುವವು. ನೆದರಿನ ಕಾಳು ತಿಂದ ಕರಿ ಕೋಳಿ ಯಾವಾಗ ಸಾಯುತ್ತದೆಂದು ಹುಡುಗರೆಲ್ಲ ಅದರ ಹಿಂದೆ ಹಿಂದೆ ತಿರುಗಿದರು. ಅದು ಸಾಯುವ ಬದಲು ಹಿಂಡು ಮರಿ ಮಾಡಿಕೊಂಡು ಓಣಿಯಲ್ಲಿ ಮೆರೆಯಿತು. ಒಂದು ವರ್ಷ ಅನುಪಮಾ ಬೇವಿನ ಮರದಲ್ಲಿ ಕೂತು ಸಂಜೆಯವರೆಗೆ ಕಾದಿದ್ದಳು. ಬಾಗಿಲು ತೆರೆಯಿತು. ಸೂಗಪ್ಪ ಹೊರಗೆ ಬಂದು ಖಾಲಿ ಮೊರ ಎತ್ತಿಕೊಂಡ, ಅದನ್ನು ತಿರುಗಿಸಿ ನೋಡಿದ, ನಕ್ಕ. ತನಗೆ ಅಂಟಿದ್ದು ಬೇರೆಯವರಿಗೆ ಹತ್ತಿತೆಂದು ನಗುತ್ತಾನೆ ಎಂದು ಅವಳು ಆವತ್ತು ತಿಳಿದಳು. ಅಪ್ಪನಿಗೆ ಹೇಳಿದಾಗ ಅವನ ಮುಖ ಮಾತ್ರ ಬಿಗಿದುಕೊಂಡಿತ್ತು. "ನೆದರೂ ಇಲ್ಲ, ಏನೂ ಇಲ್ಲ. ನಮ್ಮ ಓಣಿ ಹುಡುಗ್ರಂತ ನೆಲದ ಮ್ಯಾಲೆ ಇಟ್ಟಾನ. ಕೈಯಾಗ ಕೊಟ್ರ ತಗೊಳ್ರಿ, ನೆಲದ ಮ್ಯಾಗಿಂದು ಎತ್ತಬ್ಯಾಡ್ರಿ." ಅಪ್ಪ ಎಷ್ಟೋ ಮನೆಗಳಿಗೆ ಕಾಗದ ಕೊಡಲು ಹೋಗಿ, ಕಾಗದವನ್ನು ಕಟ್ಟೆಯ ಮೇಲೆ ಇಟ್ಟು ಹೋಗು ಎನ್ನಿಸಿಕೊಂಡವನು. ಅವನಿಗೆ ಮೊರದಲ್ಲಿ ಬೇರೇನೂ ಕಾಣುವಂತಿರಲಿಲ್ಲ.

ಕೂಗು ಹತ್ತಿರವಾಗಿತ್ತು. ಈಗ ಮೈಮುನಾಬಿಯ ಮನೆ. "ಬರ್ರಿ ಬರ್ರಿ, ನಿಮ್ಮ ಕುಂಟಗ ಯಾವ ಜ್ವಾಳ ಬೇಕು, ಬಿಳೀದೋ ಕೆಂಪೋ?" ಎಂದು ಮುದುಕಿ ಚೇಷ್ಟೆ ಮಾಡುತ್ತಿದ್ದಳು. ಕಾಳು ಸುರಿದ ಸದ್ದು. "ನರ್ಸಮ್ಮನ್ನೂ ಕೇಳ್ರಿ, ಒಳಗ ಅದಾಳ" ಎಂದಳು. ಆಮೇಲೆ ಬಂದ ಗುಸುಗುಸು ಅನುಪಮಾಗೆ ಅರ್ಧ ಕೇಳಿಸಿತು, ಅರ್ಧ ಅವಳೇ ತುಂಬಿಕೊಂಡಳು. "ಬ್ಯಾಡ, ಅದು ಮುಚ್ಚಿದ ಮನಿ" ಎಂದದ್ದು ಬೆಳಿಗ್ಗೆ ಕೊರಿಯರ್‌ನವನಿಗೆ ಉತ್ತರ ಕೊಟ್ಟ ಅಶ್ವಿನಿ. ಎದುರುಮನೆಯ ಹುಡುಗಿ, ಓಣಿಯ ಮುಖಂಡಳು. ಮುಚ್ಚಿದ ಮನೆ. ಆ ಎರಡು ಮಾತು ಅನುಪಮಾಳ ಎದೆಗೆ ಸರಿಯಾಗಿ ನಾಟಿದವು. ಇವತ್ತು ಇವರು ದಾಟಿ ಹೋದರೆ ಮುಗಿಯಿತು. ಮುಂದಿನ ವರ್ಷ ಕೂಗಬೇಕೋ ಬೇಡವೋ ಎಂಬ ಮಾತೂ ಬರುವುದಿಲ್ಲ. ಹುಡುಗರು ಒಮ್ಮೆ ದಾಟಿದ ಮನೆಯನ್ನು ಎಂದೆಂದಿಗೂ ದಾಟುತ್ತಾರೆ. ಅದು ಅವಳಿಗೆ ಗೊತ್ತಿರುವಷ್ಟು ಈ ಓಣಿಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಅವಳಿಗೆ ಆ ಮಕ್ಕಳು ತನ್ನ ಬಾಗಿಲಿಗೆ ಬರಬೇಕಾಗಿತ್ತು. ಅಷ್ಟು ಆಸೆಪಟ್ಟು ಅವಳು ಏನನ್ನಾದರೂ ಬಯಸಿ ಬಹಳ ದಿನವಾಗಿತ್ತು.

ಅಡುಗೆಮನೆಗೆ ಓಡಿದಳು. ಜೋಳ ಇರಲಿಲ್ಲ. ರೊಟ್ಟಿ ಖಾನಾವಳಿಯಿಂದ ಬರುತ್ತಿತ್ತು. ಅವ್ವ ಸಿಂಧನೂರಿನಿಂದ ಕಳಿಸಿದ್ದ ಜೋಳದ ಹಿಟ್ಟು ಡಬ್ಬಿಯಲ್ಲಿ ಹಾಗೇ ಇತ್ತು, ಆದರೆ ಕುಂಟೆತ್ತಿಗೆ ಹಿಟ್ಟು ನೀಡಿದವರುಂಟೇ. ಈ ಸೀಮೆಯಲ್ಲಿ ಹುಟ್ಟಿ ಮನೆಯಲ್ಲಿ ಒಂದು ಹಿಡಿ ಜೋಳದ ಕಾಳಿಲ್ಲದೆ ಬದುಕುತ್ತಿದ್ದಾಳೆಂದು ತಿಳಿದರೆ ಅವ್ವ ಅಳುತ್ತಾಳೋ ಬಯ್ಯುತ್ತಾಳೋ. ಅಕ್ಕಿ ಇತ್ತು, ಸಿಂಧನೂರಿನದೇ, ಸೋನಾ ಮಸೂರಿ. ತಾಟಿನ ತುಂಬ ಸುರಿದಳು. ಹುಡುಗರು ಅಡುಗೆ ಮಾಡುತ್ತಾರಲ್ಲ, ಬರೀ ಅಕ್ಕಿ ತೆಗೆದುಕೊಂಡು ಏನು ಮಾಡಿಯಾರು ಎನಿಸಿ ಅದರ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಇಟ್ಟಳು, ಎರಡು ಉಳ್ಳಾಗಡ್ಡಿ ಇಟ್ಟಳು, ಉಪ್ಪು ಮರೆಯುತ್ತಾರೆಂದು ಹಾಳೆಯ ತುಂಡಿನಲ್ಲಿ ಉಪ್ಪು ಕಟ್ಟಿಟ್ಟಳು. ಬಾಗಿಲಿನವರೆಗೆ ಬಂದಾಗ ಕಾಲು ನಿಂತವು. ಕೆದರಿದ ಕೂದಲು, ಕೆಂಪು ಕಣ್ಣು, ನೈಟಿ. ಏನು ಮಾತಾಡುವುದು, ಮಕ್ಕಳು ಚೀರಿ ಓಡಿದರೆ? ಯಾರೂ ಇಲ್ಲದ ಕ್ಷಣ ನೋಡಿ ಬಾಗಿಲು ಓರೆ ಮಾಡಿ ತಾಟನ್ನು ಮೆಟ್ಟಿಲ ಮೇಲೆ ಇಟ್ಟು, ಬಾಗಿಲು ಹಾಕಿಕೊಂಡು, ಬೆನ್ನು ಆನಿಸಿ ನಿಂತಳು. ಎದೆ ಢವಗುಟ್ಟುತ್ತಿತ್ತು. ತೆಗೆದುಕೊಳ್ಳಲಿ, ತಿನ್ನಲಿ, ಯಾರು ಕೊಟ್ಟರೆಂದು ಗೊತ್ತಾದರೆ ಸಾಕು ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಹೆಜ್ಜೆಗಳು ಬಂದವು. ನಿಂತವು. "ಏ ಅಶ್ವಿನಿ, ನೋಡಿಲ್ಲಿ" ಎಂದಿತು ಹಲ್ಲು ಬಿದ್ದ ದನಿ. "ಮುಟ್ಟಬ್ಯಾಡ ಹುಲಿಗೇಶ, ಮುಟ್ಟಬ್ಯಾಡ. ಮೆಣಸಿನಕಾಯಿ, ಉಪ್ಪು, ಕಾಣವಲ್ದೇನು? ನೆದರ ತಗದು ಇಟ್ಟಾಳ. ಆ ಕಡಿಯಿಂದ ಬರ್ರಿ, ದಾಟಬ್ಯಾಡ್ರಿ."

ಬಾಗಿಲಿನ ಹಿಂದೆ ಅನುಪಮಾ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಮೊದಲು ಬಂದದ್ದು ನಗು, ಅದರ ಬೆನ್ನಿಗೇ ಬೇರೇನೋ. ಮೊರದ ಜೋಳ. ಅಂಗಳದಲ್ಲಿ ಸಾಲಾಗಿ ಬಿಡಿಸಿಟ್ಟ ಉಳ್ಳಾಗಡ್ಡಿಗಳಲ್ಲಿ ದಪ್ಪನೆಯವು ಎರಡು ಆರಿಸಿ ತಂದು, ಹುಡುಗರು ಮರೆಯುತ್ತಾರೆಂದು ಎಲೆಯ ತುಂಡಿನಲ್ಲಿ ಉಪ್ಪು ಇಟ್ಟು, ಬಾಗಿಲು ಹಾಕಿಕೊಂಡು, ಬೆನ್ನು ಆನಿಸಿ, ಎದೆ ಢವಗುಟ್ಟಿಸಿಕೊಂಡು ಒಳಗೆ ನಿಂತಿದ್ದವನು ಸೂಗಪ್ಪ. ಸಂಜೆ ಹೊರಗೆ ಬಂದು, ಖಾಲಿ ಮೊರ ನೋಡಿ, ಹುಡುಗರು ತೆಗೆದುಕೊಂಡು ಹೋದರು ಎಂದು ನಕ್ಕವನು. ಅವನು ನಕ್ಕದ್ದು ಅದಕ್ಕೆ. ಅಷ್ಟು ವರ್ಷ ಅವನು ಕೋಳಿಗಳನ್ನು ಸಾಕಿದ್ದ. ಅವನಿಗೆ ಅದು ಗೊತ್ತೇ ಇರಲಿಲ್ಲ. ಅನುಪಮಾಗೆ ಕಣ್ಣು ತುಂಬಿ ಬಂದವು. ಹೊರಗೆ ಹೆಜ್ಜೆಗಳು ಗೋಡೆ ಹಿಡಿದು ಸರಿಯುತ್ತಿದ್ದವು. ಇನ್ನು ತಡೆದರೆ ಅವಳೂ ಸಂಜೆಗೆ ಖಾಲಿ ತಾಟು ನೋಡಿ ನಗುವವಳೇ. ಕೂದಲು ಕೆದರಿದ್ದರೆ ಕೆದರಿರಲಿ ಎಂದು ಚಿಲಕ ಎಳೆದಳು.

ಮಕ್ಕಳು ಇದ್ದಲ್ಲೇ ಕಲ್ಲಾದರು. ಮುಂದೆ ಹಲಗೆ ಹೊತ್ತ ಅಶ್ವಿನಿ, ಅವಳ ಲಂಗ ಹಿಡಿದ ಹುಲಿಗೇಶ, ಹಿಂದೆ ಮೈಮುನಾಬಿಯ ಮೊಮ್ಮಗ ದಾದೇಸಾಬ ಮತ್ತಿಬ್ಬರು ಪುಟಾಣಿಗಳು, ಐದೂ ಬಾಯಿ ತೆರೆದುಕೊಂಡು. ಹಲಗೆಯ ಮೇಲೆ ಹಳ್ಳದ ಕರಿಮಣ್ಣಿನ ಎತ್ತು, ಸುಣ್ಣದ ಬೊಟ್ಟಿಟ್ಟದ್ದು, ಒಂದು ಕಡೆ ವಾಲಿಕೊಂಡು ಮಲಗಿತ್ತು. ಅವಳ ಬಾಯಿಂದ ದಿನವೂ ಬರುವ ಮಾತೇ ಬಂತು.

"ಯಾವ ಕಾಲಿಗೆ ಪೆಟ್ಟಾಗೈತಿ?"

ಅಶ್ವಿನಿ ಹಲಗೆಯನ್ನು ತುಸು ಮುಂದೆ ಚಾಚಿದಳು. "ಹಿಂದಿನ ಎಡಗಾಲ್ರೀ."

"ಯಾವಾಗಿಂದ?"

"ಇವತ್ತ ಮುಂಜಾನಿಯಿಂದ. ನಾವ ಮುರದೀವಿ" ಎಂದ ಹುಲಿಗೇಶ. ಅಶ್ವಿನಿ ಅವನ ಕಾಲು ತುಳಿದಳು.

"ತಡೀರಿ ಹಂಗಾರ" ಎಂದು ಅನುಪಮಾ ಒಳಗೆ ಹೋಗಿ ಪಟ್ಟಿಯ ಸುರುಳಿ, ಕತ್ತರಿ, ಅಂಟುಪಟ್ಟಿ, ಬೆಂಕಿಪೊಟ್ಟಣ ತಂದು ಮೆಟ್ಟಿಲ ಮೇಲೆ ಕೂತಳು. ತಾಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅವಳು ತಾನೇ ಮುಟ್ಟಿದ್ದನ್ನು ನೋಡಿ ಮಕ್ಕಳು ಅರ್ಧ ಹೆಜ್ಜೆ ಮುಂದೆ ಬಂದವು. ಬೆಂಕಿಕಡ್ಡಿ ಮುರಿದು ಎರಡೂ ಬದಿಗೆ ಆಸರೆ ಇಟ್ಟು, ಪಟ್ಟಿ ಸುತ್ತಿದಳು. ಎತ್ತು ಎದ್ದು ನಿಂತಿತು. ಮೈಮುನಾಬಿ ಗೋಡೆಯಾಚೆಯಿಂದ ಇಣುಕಿ "ಬೇಟಿ, ನನ್ನ ಮೊಣಕಾಲಿಗೂ ಒಂದು ಸುತ್ತು ಹಾಕು" ಎಂದಳು. ಮಕ್ಕಳು ನಕ್ಕವು, ಆದರೆ ಅಶ್ವಿನಿಯ ಹುಬ್ಬು ಗಂಟಿಕ್ಕಿತ್ತು.

"ಅಲ್ರೀ, ನೀವು ವಾಸಿ ಮಾಡಿಬಿಟ್ರ ಅದು ಕುಂಟೆತ್ತ ಅಲ್ಲ. ಮುಂದಿನ ಮನಿಯವ್ರು ಜ್ವಾಳ ನೀಡಲಿಲ್ಲ ಅಂದ್ರ?"

ಇದು ಅನುಪಮಾ ಯೋಚಿಸಿರದ ತೊಡಕು. "ಪಟ್ಟಿ ಐತಿ ಅಂದ್ರ ಕುಂಟು ಖರೇನ ಐತಿ ಅಂತ ಗೊತ್ತಾಗ್ತೈತಿ" ಎಂದಳು ಗಂಭೀರವಾಗಿ. "ದವಾಖಾನಿಗೆ ಹೋಗಿ ಬಂದೈತಿ ಅನ್ರಿ. ಇನ್ನೊಂದು ಹಿಡಿ ಜಾಸ್ತಿ ನೀಡ್ತಾರ." ಅಶ್ವಿನಿ ಅದನ್ನು ತೂಗಿ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದಳು. ಅನುಪಮಾ ತಾಟಿನಲ್ಲಿದ್ದುದನ್ನು ಮಕ್ಕಳ ಚೀಲಕ್ಕೆ ತನ್ನ ಕೈಯಿಂದ ಸುರಿದಳು. "ನೆದರಿಂದಲ್ಲ. ಜ್ವಾಳ ಇದ್ದಿದ್ದಿಲ್ಲ, ಅಕ್ಕಿ ಕೊಟ್ಟೀನಿ. ಮೆಣಸಿನಕಾಯಿ ನಿಮ್ಮ ಅಡಿಗಿಗೆ." "ನಾ ಮೊದಲ ಹೇಳಿದ್ದೆ" ಎಂದ ಹುಲಿಗೇಶ, ಏನೂ ಹೇಳಿರದವನು. ಹೋಗುವಾಗ ಅವನು ತಿರುಗಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಮತ್ತ ನೀವು ಹಗಲೊತ್ತು ಏನು ಮಾಡ್ತೀರಿ?" ಎಂದು ಕೇಳಿದ. "ಮಲಗ್ತೀನಪ್ಪ" ಎಂದಳು. ಅವನ ಮುಖದಲ್ಲಿ, ಬೇವಿನ ಮರದಿಂದ ಇಳಿಯುವಾಗ ಅವಳಿಗೆ ಆಗಿದ್ದ ಅದೇ ನಿರಾಶೆ ಕಂಡಿತು.

ಅವಳು ಮತ್ತೆ ಮಲಗಲಿಲ್ಲ. ಕಿಟಕಿಯ ಚಾದರದ ಒಂದು ತುದಿ ಬಿಚ್ಚಿ, ಸಿಂಧನೂರಿಗೆ ಅವ್ವನಿಗೆ ಫೋನು ಮಾಡಿದಳು. ಅವ್ವ ಗದ್ದೆಮ್ಮ ಅಲ್ಲಿ ಅನುಪಮಾಳ ತಮ್ಮನ ಮನೆಯಲ್ಲಿ ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಅವ್ವಾ, ನಮ್ಮೂರ ಸೂಗಪ್ಪ ಅದಾರೇನು?"

"ಯಾವ ಸೂಗಪ್ಪ? ಮುಚ್ಚಿದ ಬಾಗಿಲಾಂವ? ಅದಾನ ಬೇ. ಕಣ್ಣಿನ ಆಪರೇಷನ್ ಆಗೈತಂತ. ಯಾಕ?"

"ಅವ್ರು ಯಾಕ ಮಂದ್ಯಾಗ ಬರ್ತಿದ್ದಿಲ್ಲ?"

"ಮಾತು ತೊದಲ್ತಿತ್ತು. ಒಂದು ಮಾತು ಹೊರಗ ಬರಬೇಕಂದ್ರ ಭಾಳ ಹೊತ್ತು. ಅಷ್ಟೊತ್ತು ಕೇಳೋ ತಾಳ್ಮಿ ಯಾರಿಗೈತಿ, ನಗೋರು. ಅಂವ ಬಾಗ್ಲಾ ಹಾಕ್ಕೊಂಡ."

"ನಮಗ ಯಾಕ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ನಿಮಗ ಅಂವ ಹಾವು ಸಾಕ್ಯಾನ ಅನ್ನೋದ ಬೇಕಾಗಿತ್ತು" ಎಂದು ಅವ್ವ ನಕ್ಕಳು. ಅನುಪಮಾ ಮೊರದ ಸಂಗತಿ ಹೇಳಿದಳು. ಆ ಕಡೆ ಎಣ್ಣೆಯ ಕೈ ನಿಂತಿರಬೇಕು, ಮಗು ಅಳತೊಡಗಿತು. "ನಿಮ್ಮಪ್ಪ ಇದ್ದಿದ್ರ ಹೇಳಬೇಕಾಗಿತ್ತು" ಎಂದಳು ಗದ್ದೆಮ್ಮ ಕೊನೆಗೆ. ಅಪ್ಪ ಏನೆನ್ನುತ್ತಿದ್ದನೋ. ಬೇರೆ ಎಷ್ಟೋ ಮನೆಗಳ ಬಗ್ಗೆ ಅವನು ತಪ್ಪು ತಿಳಿದಿರಲಿಲ್ಲ. ಈ ಒಂದು ಮನೆಯ ಬಗ್ಗೆ ತಪ್ಪಿದ್ದನ್ನು ಕೇಳಿ ಅವನೂ ಸೈಕಲ್ಲಿನ ಸೀಟು ತಟ್ಟುತ್ತ ಯೋಚಿಸುತ್ತಿದ್ದನೇನೋ ಎಂದು ಅವಳಿಗೆ ಅನಿಸಿತು.

ಮಧ್ಯಾಹ್ನ ಇಳಿದ ಮೇಲೆ ಮಕ್ಕಳು ಮತ್ತೆ ಬಂದವು. ಈ ಸಲ ಬಾಗಿಲು ಬಡಿದವು, ಒದ್ದವು ಎಂದರೂ ಸರಿ. ಗುಡ್ಡದ ಬುಡದಲ್ಲಿ ಮಾಡಿದ ಅನ್ನದ ಹುಗ್ಗಿ ಒಂದು ಬಟ್ಟಲಲ್ಲಿತ್ತು. ತಳ ಹತ್ತಿತ್ತು, ಉಪ್ಪು ಎರಡು ಸಲ ಬಿದ್ದಿತ್ತು, ಮೆಣಸಿನಕಾಯಿ ಇಡಿಯಾಗಿ ಮಲಗಿದ್ದವು. ಅಶ್ವಿನಿ ಸೊಂಟದ ಮೇಲೆ ಕೈಯಿಟ್ಟು, ಅವಳು ಉಣ್ಣುವವರೆಗೆ ಕದಲಲಿಲ್ಲ. ಅನುಪಮಾ ಕಣ್ಣಲ್ಲಿ ನೀರು ಬರಿಸಿಕೊಂಡು ಪೂರ್ತಿ ಉಂಡಳು. "ಎತ್ತು ಹಳ್ಳಕ್ಕ ಬಿಡಬೇಕಾಗಿತ್ರೀ" ಎಂದಳು ಹುಡುಗಿ, "ಆದ್ರ ಪಟ್ಟಿ ಬಿಚ್ಚೋತನಕ ಬಿಡಬಾರ್ದಂತ ದಾದೇಸಾಬ ಅಂತಾನ. ನಿಮ್ಮ ಹತ್ರಾನ ಅಡ್ಮಿಟ್ ಮಾಡ್ಕೋರಿ." ಅನುಪಮಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಸ್ನಾನ ಮಾಡಿ, ಚೂಡಿದಾರ ತೊಟ್ಟು, ಎತ್ತನ್ನು ಊಟದ ಡಬ್ಬಿಯಲ್ಲಿ ಹತ್ತಿ ಹಾಕಿ ಮಲಗಿಸಿ, ದಿನದ ಬಸ್ಸಿಗಿಂತ ಬಹಳ ಮುಂಚೆ ಮನೆ ಬಿಟ್ಟಳು. ಲಿಂಗಸುಗೂರಿಗೆ ಆಮೇಲೆ ಹೋದರಾಯಿತು. ಸರ್ಕಲ್ಲಿನಲ್ಲಿ ಸಂತೆಕಲ್ಲೂರಿನ ಟಂಟಂ ಆಟೊ ನಿಂತಿತ್ತು.

ಊರಿನ ಓಣಿಗೆ ಸಿಮೆಂಟು ಬಿದ್ದಿತ್ತು, ಬೇವಿನ ಮರ ಇರಲಿಲ್ಲ. ಕಲ್ಲಿನ ಮನೆ ಅಲ್ಲಿಯೇ ಇತ್ತು, ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಮೊರ. ಜೋಳ, ಕೆಂಪು ಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ. ಉಪ್ಪು ಮಾತ್ರ ಈಗ ಪ್ಲಾಸ್ಟಿಕ್ಕಿನ ಪುಡಿಕೆಯಲ್ಲಿತ್ತು. ಎರಡು ಕೋಳಿಗಳು ಮೊರಕ್ಕೆ ಆಗಲೇ ಬಾಯಿ ಹಾಕಿದ್ದವು. ಅವಳು ಹುಶ್ ಎಂದು ಓಡಿಸಿದಳು. ತಮ್ಮ ಮನೆತನದ ಹಕ್ಕು ಕಸಿದವರನ್ನು ನೋಡುವಂತೆ ಅವು ದೂರ ನಿಂತು ನೋಡಿದವು. ಮೊರವನ್ನು ಎತ್ತಿಕೊಂಡು ಹೋಗಬಹುದಿತ್ತು. ಅವಳು ಎತ್ತಲಿಲ್ಲ. ಡಬ್ಬಿ ತೆರೆದು ಎತ್ತನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡಳು. ಓಣಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು, ಬೆಳೆದ ಹೆಂಗಸು, ಕೈಯಲ್ಲಿ ಮಣ್ಣಿನ ಎತ್ತು. ನಾಚಿಕೆ ಕಿವಿಯವರೆಗೆ ಏರಿತು. ಏರಲಿ ಎಂದುಕೊಂಡು ಕೂಗಿದಳು.

"ಕುಂಟೆತ್ತು ಬಂದೈತ್ರೀ, ಜ್ವಾಳ ನೀಡ್ರಿ."

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಿನ ಆ ಬದಿಯಲ್ಲಿ ನಿಂತವರಿಗೆ ಉಸಿರು ಹೇಗಿರುತ್ತದೆ, ಕೈ ಚಿಲಕದವರೆಗೆ ಹೋಗಿ ಹೇಗೆ ನಿಲ್ಲುತ್ತದೆ ಎಲ್ಲವೂ. "ನಾ ನಿಂತಿರ್ತೀನ್ರಿ" ಎಂದಳು ಮೆಲ್ಲಗೆ, "ಗಡಿಬಿಡಿ ಇಲ್ಲ." ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಕರಿ ಕನ್ನಡಕ ಹಾಕಿದ ಮುದುಕ, ಅವನೇ, ಅದೇ ಧೋತರ. ಅವಳ ಕೈಯಲ್ಲಿದ್ದ ಎತ್ತನ್ನು ನೋಡಿದ, ಪಟ್ಟಿಯನ್ನು ನೋಡಿದ, ಮೊರವನ್ನು ನೋಡಿದ. ಬಾಯಿ ತೆರೆದ, ಮಾತು ಬಾಯಿಯವರೆಗೆ ಬಂದು ನಿಂತಿತು. ಅವಳು ಕಾದಳು.

"ಈ... ಈ ಸಲ ತ... ತಡಾ ಮಾಡಿದ್ರಿ" ಎಂದ.

"ಹೌದ್ರೀ" ಎಂದಳು ಅನುಪಮಾ, "ಭಾಳ ತಡಾ ಆತು."

ಅವನು ಬಗ್ಗಿ ಮೊರವನ್ನು ನೆಲದಿಂದ ಎರಡೂ ಕೈಯಲ್ಲಿ ಎತ್ತಿದ. ಎತ್ತಿದವನು ಅಲ್ಲಿಯೇ ನಿಂತು, ಮುಖದ ತುಂಬ ನಗುತ್ತ, ಹೆಮ್ಮೆಯಿಂದ ಒಂದೊಂದೇ ಮಾತು ಹೊರಗೆ ತಂದ. "ವ... ವರ್ಷಾ ಒಂದು ಕಾ... ಕಾಳು ಬಿಡ್ತಿದ್ದಿಲ್ಲ ನೀವು."

ಅನುಪಮಾ ಕೋಳಿಗಳ ಕಡೆ ನೋಡಲಿಲ್ಲ. "ಜ್ವಾಳ ಅಷ್ಟು ಚಲೋ ಇರ್ತಿದ್ವು ರೀ" ಎಂದು ವೇಲಿನ ಎರಡೂ ತುದಿ ಹಿಡಿದು ಅವನ ಮುಂದೆ ಒಡ್ಡಿದಳು.